ಪೌಡರ್ ಬ್ಲೂ ಮೀನಿನ ಮೈಮೇಲೆ ಬಿಳಿ ಚುಕ್ಕಿ, ಕ್ಲೌನ್‌ಗೆ ಏದುಸಿರು: ಅನುಭವ ಇದ್ದವರು ದಯವಿಟ್ಟು ಹೇಳಿ

ಪ್ರಶ್ನೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಸಿಹಿನೀರಿನ ಮೀನು ಸಾಕಿದ್ದೇನೆ, ಉಪ್ಪುನೀರಿಗೆ ಬಂದು ಐದೇ ತಿಂಗಳು. 200 ಲೀಟರ್ ಟ್ಯಾಂಕ್. ಲೈವ್ ರಾಕ್ (ಜೀವಿಗಳಿರುವ ಸಮುದ್ರದ ಕಲ್ಲು), ಒಂದಿಷ್ಟು ಮಶ್ರೂಮ್ ಕೋರಲ್ (ಹವಳ), ಎರಡು ಕ್ಲೀನರ್ ಸಿಗಡಿ, ಎರಡು ಕ್ಲೌನ್ ಮೀನು, ಒಂದು ರಾಯಲ್ ಗ್ರಾಮಾ ಮೀನು ಇವೆ. ಹೋದ ವಾರ ಒಂದು ಪೌಡರ್ ಬ್ಲೂ ಟ್ಯಾಂಗ್ ತಂದು ನೇರವಾಗಿ ಬಿಟ್ಟೆ. ನಾಲ್ಕನೇ ದಿನ ಅದರ ರೆಕ್ಕೆ ಮೇಲೆ ಉಪ್ಪಿನ ಹರಳಿನಂಥ ಚುಕ್ಕಿ ಕಂಡವು. ಸಿಹಿನೀರಿನಲ್ಲಿ ಮಾಡುತ್ತಿದ್ದ ಹಾಗೆ ಹೀಟರ್ 30 ಡಿಗ್ರಿಗೆ ಏರಿಸಿದೆ. ನಿನ್ನೆ ಚುಕ್ಕಿ ಪೂರ್ತಿ ಮಾಯ, ಖುಷಿಯಾಯಿತು. ಇವತ್ತು ಬೆಳಿಗ್ಗೆ ನೋಡಿದರೆ ಮೊದಲಿನ ಎರಡರಷ್ಟು ಇವೆ, ಜೊತೆಗೆ ಒಂದು ಕ್ಲೌನ್ ಜೋರಾಗಿ ಉಸಿರಾಡುತ್ತಿದೆ. ಅಂಗಡಿಯವರು ಕೋರಲ್‌ಗೆ ತೊಂದರೆ ಮಾಡದ ಔಷಧ ಒಂದಿದೆ, ಅದನ್ನು ಟ್ಯಾಂಕಿಗೇ ಹಾಕಿ, ತಿಂಡಿಗೆ ಬೆಳ್ಳುಳ್ಳಿ ರಸ ಸೇರಿಸಿ ಅಂದರು. ಹಾಕಲಾ? ಇದು ಬಿಳಿ ಚುಕ್ಕಿ ರೋಗವಾದ ಇಕ್ಕಾ, ಪುಡಿ ಮೆತ್ತಿದ ಹಾಗೆ ಕಾಣುವ ವೆಲ್ವೆಟ್ಟಾ?

ಬೆಂಗಳೂರಿನಿಂದ

ಸರ್, ಮೊದಲು ಹೀಟರ್ ಇಳಿಸಿ, ನಿಧಾನವಾಗಿ 25–26ಕ್ಕೆ ತನ್ನಿ. ಸಿಹಿನೀರಿನ ಇಕ್ ಬೇರೆ ಜೀವಿ, ಇದು ಬೇರೆ. ಇದರ ಹೆಸರು ಕ್ರಿಪ್ಟೋಕ್ಯಾರಿಯನ್ ಇರಿಟಾನ್ಸ್. 30 ಡಿಗ್ರಿಗೆ ಇದು ಸಾಯುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಮೊದಲೇ ಕಿವಿರು ಕೆಟ್ಟಿರುವ ಮೀನಿಗೆ ಅದೇ ಹೊಡೆತ.

ನಿನ್ನೆ ಚುಕ್ಕಿ ಮಾಯವಾಗಿದ್ದು ವಾಸಿಯಾಗಿದ್ದಕ್ಕಲ್ಲ. ನಾನೂ ಒಂಬತ್ತು ವರ್ಷದ ಹಿಂದೆ ಇದನ್ನೇ ನಂಬಿ ಐದು ಮೀನು ಕಳೆದುಕೊಂಡೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಹುಳ ಮೀನಿನ ಚರ್ಮದ ಒಳಗೆ ಸೇರಿ ಮೂರರಿಂದ ಏಳು ದಿನ ತಿನ್ನುತ್ತದೆ. ನಮಗೆ ಕಾಣುವ ಚುಕ್ಕಿ ಅದೇ. ಹೊಟ್ಟೆ ತುಂಬಿದ ಮೇಲೆ ಉದುರಿ ಕಲ್ಲಿಗೋ ಮರಳಿಗೋ ಅಂಟಿಕೊಂಡು ಸುತ್ತಲೂ ಗಟ್ಟಿ ಗೂಡು ಕಟ್ಟುತ್ತದೆ. ಅದರೊಳಗೆ ಒಂದು ನೂರಾರಾಗುತ್ತದೆ. ಕೆಲವು ಗೂಡು ಮೂರೇ ದಿನಕ್ಕೆ ಒಡೆಯುತ್ತವೆ, ಕೆಲವು ನಾಲ್ಕು ವಾರ ತೆಗೆದುಕೊಳ್ಳುತ್ತವೆ, 72 ದಿನ ಕಾದ ದಾಖಲೆಯೂ ಇದೆ. ಹೊರಬಂದ ಮರಿಗೆ ಒಂದೆರಡು ದಿನದಲ್ಲಿ ಮೀನು ಸಿಗಬೇಕು, ಇಲ್ಲದಿದ್ದರೆ ಸಾಯುತ್ತದೆ. ಔಷಧ ತಟ್ಟುವುದು ಈ ಈಜುವ ಮರಿಗೆ ಮಾತ್ರ. ಮೈಯೊಳಗೆ ಕೂತಿದ್ದಕ್ಕೂ ತಟ್ಟುವುದಿಲ್ಲ, ಗೂಡಿನೊಳಗಿದ್ದಕ್ಕೂ ತಟ್ಟುವುದಿಲ್ಲ. ಚುಕ್ಕಿ ಹೋಯಿತು ಅಂತ ಔಷಧ ನಿಲ್ಲಿಸಿದರೆ ಮತ್ತೆ ಮೊದಲಿಂದ ಶುರು.

ಈಗ ನಿಮ್ಮ ಪ್ರಶ್ನೆ. ಚುಕ್ಕಿ ಎಣಿಸಲು ಆಗುತ್ತದಾ ನೋಡಿ. ಬಿಡಿ ಬಿಡಿಯಾಗಿ ಎಣಿಸಬಹುದು, ಮೀನು ಇನ್ನೂ ತಿಂಡಿಗೆ ಬರುತ್ತಿದೆ ಅಂದರೆ ಹೆಚ್ಚಾಗಿ ಇಕ್. ಎಣಿಸಲಾಗದಷ್ಟು ಸಣ್ಣ, ಗೋಧಿ ಹಿಟ್ಟು ಉದುರಿಸಿದ ಹಾಗೆ ಮೈಯೆಲ್ಲಾ ಮಸುಕು, ಬೆಳಕಿಗೆ ಹೆದರಿ ಮೂಲೆ ಸೇರುವುದು, ವೇವ್‌ಮೇಕರ್ (ನೀರು ಅಲೆಯಾಡಿಸುವ ಪಂಪ್) ಬಾಯಿಗೇ ಮುಖ ಕೊಟ್ಟು ಈಜುವುದು, ತಿಂಡಿ ಬಿಡುವುದು, ಇದು ವೆಲ್ವೆಟ್ ಲಕ್ಷಣ. ಅದರ ಹೆಸರು ಅಮೈಲೋಓಡಿನಿಯಂ. ರಾತ್ರಿ ಲೈಟ್ ಆರಿಸಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಮೈಮೇಲಿನ ಪುಡಿ ಆಗ ಚೆನ್ನಾಗಿ ಕಾಣುತ್ತದೆ. ಆದರೆ ಪುಡಿ ಕಾಣಲಿ ಅಂತ ಕಾಯಬೇಡಿ. ವೆಲ್ವೆಟ್ ಮೊದಲು ಹಿಡಿಯುವುದು ಕಿವಿರನ್ನು. ಎಷ್ಟೋ ಸಲ ಮೈಮೇಲೆ ಏನೂ ಇಲ್ಲದೆಯೇ ಮೀನು ಸತ್ತಿರುತ್ತದೆ. ಇಕ್ ವಾರಗಟ್ಟಲೆ ಟೈಮ್ ಕೊಡಬಹುದು, ವೆಲ್ವೆಟ್ ಎರಡು ಮೂರು ದಿನದಲ್ಲಿ ಟ್ಯಾಂಕ್ ಖಾಲಿ ಮಾಡುತ್ತದೆ.

ಹಾಗಾಗಿ ಚುಕ್ಕಿಗಿಂತ ಮೊದಲು ಉಸಿರು ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಫೋನಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ, ಕಿವಿರು ಎಷ್ಟು ಸಲ ತೆರೆಯಿತು ಎಣಿಸಿ. ನಿಮ್ಮ ಚೆನ್ನಾಗಿರುವ ಕ್ಲೌನ್‌ದೂ ಎಣಿಸಿ, ಎರಡೂ ಬರೆದಿಡಿ. ವ್ಯತ್ಯಾಸ ಜಾಸ್ತಿ ಇದ್ದರೆ ಇವತ್ತೇ ಮೀನು ಹೊರಗೆ ತೆಗೆಯಬೇಕು. ನೀವು ಹೇಳಿದ್ದು ಕೇಳಿದರೆ ಟ್ಯಾಂಗ್‌ಗೆ ಇಕ್ ಇದೆ. ಕ್ಲೌನ್ ವಿಷಯದಲ್ಲಿ ನನಗೆ ವೆಲ್ವೆಟ್ ಅನುಮಾನ. ಎರಡಕ್ಕೂ ಕಾಪರ್ (ತಾಮ್ರದ ಔಷಧ) ಆಗುತ್ತದೆ, ಅದೊಂದು ಸಮಾಧಾನ.

ಕೋರಲ್ ಇರುವ ಟ್ಯಾಂಕಿಗೆ ಔಷಧ ಬೇಡ ಸರ್. ಸಿಗಡಿ, ಕೋರಲ್, ಬಸವನಹುಳಕ್ಕೆ ಏನೂ ಆಗದೆ ಈ ಹುಳ ಮಾತ್ರ ಸಾಯುವಂಥ ಔಷಧ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಬೆಳ್ಳುಳ್ಳಿ ವಾಸನೆಗೆ ಮೀನು ತಿಂಡಿಗೆ ಬರಬಹುದು, ಹುಳ ಹೋಗುವುದಿಲ್ಲ. ಕ್ಲೀನರ್ ಸಿಗಡಿಯೂ ಚರ್ಮದೊಳಗಿನದನ್ನು ಕಿತ್ತು ತೆಗೆಯುವುದಿಲ್ಲ.

ಮಾಡಬೇಕಾದ್ದು ಇಷ್ಟು. 80–100 ಲೀಟರಿನ ಖಾಲಿ ಟ್ಯಾಂಕ್, ಇಲ್ಲದಿದ್ದರೆ ಆಹಾರ ತುಂಬಿಡುವ ಥರದ ದೊಡ್ಡ ಪ್ಲಾಸ್ಟಿಕ್ ಟಬ್ ತನ್ನಿ. ಮರಳು, ಕಲ್ಲು ಹಾಕಬೇಡಿ, ಅವು ಕಾಪರ್ ಹೀರಿಕೊಂಡು ಲೆಕ್ಕ ತಪ್ಪಿಸುತ್ತವೆ. ಅಡಗಲು ಪಿವಿಸಿ ಪೈಪಿನ ಎಲ್ಬೋ ನಾಲ್ಕು ಸಾಕು. ಹೀಟರ್, ಏರ್ ಸ್ಟೋನ್, ಸ್ಪಾಂಜ್ ಫಿಲ್ಟರ್ ಬೇಕು. ಸ್ಪಾಂಜನ್ನು ನಿಮ್ಮ ಮೀನಿನ ಟ್ಯಾಂಕಿನ ಸಂಪಿನಿಂದಲೇ (ಫಿಲ್ಟರ್ ತೊಟ್ಟಿಯಿಂದಲೇ) ತೆಗೆಯಿರಿ, ಬ್ಯಾಕ್ಟೀರಿಯಾ ರೆಡಿ ಇರುತ್ತದೆ. ಎಲ್ಲಾ ಮೀನನ್ನೂ ಸಾಗಿಸಿ, ಚೆನ್ನಾಗಿ ಕಾಣುವ ಗ್ರಾಮಾ ಕೂಡ. ಕೀಲೇಟೆಡ್ ಕಾಪರ್ (ತಾಮ್ರವನ್ನು ಬೇರೆ ಅಣುವಿಗೆ ಕಟ್ಟಿಟ್ಟದ್ದು) ಆದರೆ ಸುಮಾರು 2.0ರಿಂದ 2.5 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ), ಬಾಟಲಿ ಮೇಲೆ ಬರೆದದ್ದನ್ನೇ ನಂಬಿ. ಆ ಮಟ್ಟಕ್ಕೆ ಬಂದ ದಿನದಿಂದ 30 ದಿನ. ನಡುವೆ ಒಂದು ದಿನ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ಮನೆ ಟ್ಯಾಂಕ್ (ಈಗಿನ 200 ಲೀಟರಿನದು) ಮೀನಿಲ್ಲದೆ 76 ದಿನ ಬಿಡಿ. ಕೋರಲ್, ಸಿಗಡಿ ಅಲ್ಲೇ ಇರಲಿ, ಈ ಹುಳಕ್ಕೆ ಅವು ಊಟವಲ್ಲ. ಆ 76 ದಿನ ಹೊಸ ಕೋರಲ್ ತಂದು ಹಾಕಬೇಡಿ, ಅದರ ಬುಡದ ಕಲ್ಲಿನಲ್ಲೇ ಗೂಡು ಬಂದಿರುತ್ತದೆ.

ಇನ್ನೊಂದು, ಪೌಡರ್ ಬ್ಲೂಗೆ 200 ಲೀಟರ್ ಸಾಲುವುದಿಲ್ಲ. ವಾಸಿಯಾದ ಮೇಲೆ ದೊಡ್ಡ ಟ್ಯಾಂಕ್ ಇರುವವರಿಗೆ ಕೊಟ್ಟುಬಿಡಿ. ಜಾಗ ಸಾಲದೆ ಒತ್ತಡದಲ್ಲಿರುವ ಟ್ಯಾಂಗ್ ಮತ್ತೆ ಮತ್ತೆ ಇಕ್ ಹಿಡಿಸಿಕೊಳ್ಳುತ್ತದೆ.

ಶಾರ್ಜಾದಿಂದ

ಮೇಲಿನವರು ಹೇಳಿದ್ದು ಸರಿ, ಕಾಪರ್ ಬಗ್ಗೆ ನನ್ನ ಕಡೆಯಿಂದ ಒಂದು ಎಚ್ಚರಿಕೆ. ಕಾಪರ್ ಎಲ್ಲಾ ಒಂದೇ ಅಲ್ಲ. ಅಯಾನಿಕ್ ಥರದ್ದು (ತಾಮ್ರ ಬಿಡಿಯಾಗಿರುವುದು) 0.5 ಪಿಪಿಎಂ ಒಳಗೇ ಕೆಲಸ ಮಾಡುತ್ತದೆ, ಕೀಲೇಟೆಡ್‌ಗೆ ಅದರ ನಾಲ್ಕೈದು ಪಟ್ಟು ಬೇಕು. ನಾನು ಕೀಲೇಟೆಡ್ ತಂದು, ಎಲ್ಲೋ ಓದಿದ್ದ 0.5 ಅನ್ನೇ ಹಿಡಿದು ಮೂರು ವಾರ ಕೂತಿದ್ದೆ. ಇಕ್ ಆರಾಮಾಗಿ ಬೆಳೆಯಿತು, ಎರಡು ಏಂಜೆಲ್ ಮೀನು ಹೋದವು. ಅದಲು ಬದಲಾಗಿ ಅಯಾನಿಕ್ ಬಾಟಲಿಯನ್ನು 2.5ಕ್ಕೆ ಏರಿಸಿದ್ದರೆ ಎಲ್ಲವೂ ಒಂದೇ ರಾತ್ರಿಗೆ ಹೋಗುತ್ತಿದ್ದವು. ಬಣ್ಣ ಹೋಲಿಸುವ ಕಿಟ್‌ನಲ್ಲಿ 1.5 ಯಾವುದು, 2 ಯಾವುದು ಅಂತ ಗೊತ್ತಾಗುವುದೇ ಇಲ್ಲ. ಕಾಪರ್ ಅಳೆದು ಅಂಕಿ ತೋರಿಸುವ ಹಾನಾ ಕಂಪನಿಯ ಹೈ ರೇಂಜ್ ಚೆಕರ್ ಯಾರ ಹತ್ತಿರವಾದರೂ ಇದ್ದರೆ ಒಂದು ತಿಂಗಳಿಗೆ ಎರವಲು ತನ್ನಿ.

ಖಾಲಿ ಟ್ಯಾಂಕಿನಲ್ಲಿ ಮೂರನೇ ದಿನಕ್ಕೆ ಅಮೋನಿಯಾ ಏರುತ್ತದೆ. ಆಗ ಗಾಬರಿಯಾಗಿ ಅಮೋನಿಯಾ ಇಳಿಸುವ ಪ್ರೈಮ್ ಥರದ ದ್ರಾವಣ ಸುರಿಯಬೇಡಿ, ಕಾಪರ್ ಜೊತೆ ಸೇರಿದರೆ ವಿಷವಾಗುತ್ತದೆ. ನೀರು ಬದಲಿಸಿ, ಬದಲಿಸುವ ನೀರಿಗೂ ಅಷ್ಟೇ ಕಾಪರ್ ಮೊದಲೇ ಬೆರೆಸಿಡಿ.

ಕಾಪರ್ ಸಿಗದಿದ್ದರೆ, ಇಕ್ ಮಾತ್ರ ಅಂತ ಖಾತ್ರಿಯಿದ್ದರೆ, ಔಷಧವೇ ಇಲ್ಲದ ದಾರಿ ಇದೆ. ಎರಡು ಟಬ್ ಇಟ್ಟುಕೊಂಡು 72 ಗಂಟೆಗೊಮ್ಮೆ ಮೀನನ್ನು ಹೊಸ ನೀರಿಗೆ ಸಾಗಿಸುವುದು, ಹೀಗೆ ನಾಲ್ಕು ಸಲ, ಒಟ್ಟು 12 ದಿನ. ಉದುರಿದ ಹುಳ ಹಳೇ ಟಬ್ಬಿನಲ್ಲೇ ಉಳಿಯುತ್ತದೆ. ಟಬ್, ಪೈಪ್, ಹೀಟರ್ ಎಲ್ಲಾ ತೊಳೆದು ಪೂರ್ತಿ ಒಣಗಿಸಬೇಕು. ಬಲೆ ಕೂಡ. ವೆಲ್ವೆಟ್‌ಗೆ ಇದು ಆಗುವುದಿಲ್ಲ. ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ) 1.009ಕ್ಕೆ ಇಳಿಸುವ ವಿಧಾನವೂ ಹಾಗೆಯೇ, ಇಕ್‌ಗೆ ಆಗಬಹುದು, ವೆಲ್ವೆಟ್ ಅದಕ್ಕೆ ಜಗ್ಗುವುದಿಲ್ಲ.

ಮಂಗಳೂರಿನಿಂದ

ಎಲ್ಲರೂ ಚುಕ್ಕಿ ಬಗ್ಗೆಯೇ ಹೇಳಿದಿರಿ, ನಾನು ಕಾಣದ ಹುಳದ ಬಗ್ಗೆ ಹೇಳುತ್ತೇನೆ. ಫ್ಲೂಕ್, ಮೀನಿನ ಮೈಗೆ ಅಂಟುವ ಚಪ್ಪಟೆ ಹುಳ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ತಲೆ ಕೊಡವುತ್ತದೆ, ಒಂದು ಕಣ್ಣು ಮಂಜಾಗುತ್ತದೆ, ಚುಕ್ಕಿ ಒಂದೂ ಇರುವುದಿಲ್ಲ. ನನ್ನ ಏಂಜೆಲ್ ಹೀಗೆ ಮಾಡುತ್ತಿತ್ತು. ಕಪ್ಪು ಬಕೆಟ್‌ನಲ್ಲಿ ಆರ್‌ಓ ನೀರು ಹಾಕಿ, ಟ್ಯಾಂಕಿನಷ್ಟೇ ಬಿಸಿ ಮಾಡಿ, ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡ ಬೆರೆಸಿ ಪಿಎಚ್ ಅನ್ನು ಟ್ಯಾಂಕಿನ ಮಟ್ಟಕ್ಕೆ ತಂದು, ಅರ್ಧ ಗಂಟೆ ಗಾಳಿ ಬಿಟ್ಟು, ಆಮೇಲೆ ಐದು ನಿಮಿಷ ಅದನ್ನು ಅದರಲ್ಲಿ ಇಟ್ಟೆ. ಎರಡನೇ ನಿಮಿಷಕ್ಕೆ ಮೈಮೇಲೆ ಎಲ್ಲಿಂದಲೋ ಬಿಳಿ ಬಿಳಿ ಕಾಣತೊಡಗಿತು. ಅಲ್ಲಿಯವರೆಗೆ ಗಾಜಿನ ಹಾಗೆ ಪಾರದರ್ಶಕವಾಗಿ ಅಂಟಿಕೊಂಡಿದ್ದವು ಸಿಹಿನೀರು ತಾಗಿ ಬೆಳ್ಳಗಾಗಿ ಉದುರಿದವು. ಬಕೆಟ್ ತಳದಲ್ಲಿ ಬಿಳಿ ಎಳ್ಳು ಚೆಲ್ಲಿದ ಹಾಗಿತ್ತು. ನಲವತ್ತರವರೆಗೆ ಎಣಿಸಿದೆ, ಆಮೇಲೆ ಬಿಟ್ಟೆ. ಒಂದೇ ಮೀನಿನ ಮೈಯಿಂದ!

ಡಿಪ್ ಮಾಡಿದಾಗ ಮೊದಲ ನಿಮಿಷ ಮೀನು ಅಡ್ಡ ಮಲಗಬಹುದು, ಪಕ್ಕದಲ್ಲೇ ಕೂತು ನೋಡಿ, ಚೇತರಿಸದಿದ್ದರೆ ತೆಗೆದುಬಿಡಿ. ಡಿಪ್‌ನಿಂದ ಎಲ್ಲಾ ಹೋಗುವುದಿಲ್ಲ. ಪ್ರಾಜಿಕ್ವಾಂಟೆಲ್ ಅನ್ನುವ ಹುಳದ ಔಷಧ ಬೇಕು, ಲೀಟರಿಗೆ 2.5 ಮಿಲಿಗ್ರಾಂ. ಮೊಟ್ಟೆ ಅದಕ್ಕೆ ಸಾಯದ ಕಾರಣ ವಾರ ಬಿಟ್ಟು ಎರಡನೇ ಸಲ ಹಾಕಲೇಬೇಕು.

ನಮ್ಮ ಕಡೆ ಕೆಲವರು ಸಮುದ್ರದ ನೀರನ್ನೇ ತಂದು ಹಾಕುತ್ತಾರೆ. ಮಳೆಗಾಲದಲ್ಲಿ ನೇತ್ರಾವತಿ ಬಂದು ಸೇರಿ ಕಡಲ ಅಂಚಿನ ನೀರು ಸಪ್ಪೆಯಾಗಿರುತ್ತದೆ, ಪ್ರತಿ ಸಲ ರಿಫ್ರಾಕ್ಟೋಮೀಟರ್‌ನಲ್ಲಿ (ಉಪ್ಪಿನಂಶ ಅಳೆಯುವ ಸಾಧನ) ಅಳೆದು ನೋಡಿ. ಹುಳ ಜೊತೆಗೇ ಬರಬಹುದು ಅನ್ನುವುದೂ ತಲೆಯಲ್ಲಿರಲಿ.

ಹುಬ್ಬಳ್ಳಿಯಿಂದ

ಸರ್, ಕ್ಲೌನ್ ಮೈಮೇಲೆ ಲೋಳೆ ಇದೆಯಾ ನೋಡಿದಿರಾ? ಚುಕ್ಕಿ ಅಲ್ಲ, ಹಾಲಿನ ಕೆನೆ ಕಿತ್ತು ಬಂದ ಹಾಗೆ ಬಿಳಿ ಪೊರೆ ಜೋತಾಡುವುದು. ಹಾಗಿದ್ದರೆ ಅದು ಬ್ರೂಕ್ಲಿನೆಲ್ಲಾ ಅನ್ನುವ ಬೇರೆಯೇ ಪರಾವಲಂಬಿ ಜೀವಿ, ಅದಕ್ಕೆ ಕಾಪರ್ ಕೆಲಸ ಮಾಡುವುದಿಲ್ಲ. ಫಾರ್ಮಾಲಿನ್ ಬೇಕು: 37 ಪರ್ಸೆಂಟ್ ದ್ರಾವಣ ಲೀಟರಿಗೆ ಕಾಲು ಎಂಎಲ್ ಲೆಕ್ಕ, ಬೇರೆ ಬಕೆಟ್‌ನಲ್ಲಿ, ಜೋರು ಗಾಳಿ ಬಿಟ್ಟು, 30ರಿಂದ 45 ನಿಮಿಷ, ಕಣ್ಣು ತೆಗೆಯದೆ. ಆಮೇಲೆ ಮೀನು ಹಳೇ ನೀರಿಗೆ ಹೋಗಬಾರದು, ಸ್ವಚ್ಛ ಟಬ್ಬಿಗೇ ಹೋಗಬೇಕು. ಬಾಟಲಿ ತಳದಲ್ಲಿ ಬಿಳಿ ಗಸಿ ಕೂತಿದ್ದರೆ ಆ ಫಾರ್ಮಾಲಿನ್ ಬಳಸಬೇಡಿ. ಕೈಗವಸು ಹಾಕಿ, ಕಿಟಕಿ ತೆರೆಯಿರಿ, ಮಕ್ಕಳನ್ನು ದೂರ ಇಡಿ, ಅದು ಕ್ಯಾನ್ಸರ್ ತರುವ ವಸ್ತು.

ಕಡಲಿನಿಂದ ಹಿಡಿದು ತಂದ ಕ್ಲೌನ್‌ಗಳಲ್ಲಿ ಇದು ಜಾಸ್ತಿ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ವಿಳಿಂಜಂ, ಮಂಡಪಂಗಳಲ್ಲಿ ಕ್ಲೌನ್ ಮರಿ ಮಾಡುವುದನ್ನು ಸಾಧಿಸಿದ್ದಾರೆ, ಹ್ಯಾಚರಿ ಮರಿ ನಮ್ಮ ದೇಶದಲ್ಲೇ ಸಿಗುತ್ತವೆ. ಮುಂದಿನ ಸಲ ಅದನ್ನೇ ಕೇಳಿ ತಗೊಳ್ಳಿ.

ಮತ್ತೆ ಮೈಸೂರಿನಿಂದ, ಆರನೇ ದಿನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವತ್ತು ರಾತ್ರಿ ಟಾರ್ಚ್ ಹಿಡಿದೆ. ಕ್ಲೌನ್ ಬೆನ್ನಿನ ಮೇಲೆ ಪುಡಿ ಇತ್ತು, ಲೋಳೆ ಇರಲಿಲ್ಲ. ನಿಮಿಷಕ್ಕೆ ಅದರ ಉಸಿರು ಇನ್ನೊಂದರದಕ್ಕಿಂತ ಹೆಚ್ಚು ಕಡಿಮೆ ದುಪ್ಪಟ್ಟು. 90 ಲೀಟರ್ ಟಬ್ ತಂದು, ಐದು ನಿಮಿಷ ಸಿಹಿನೀರಿನ ಡಿಪ್ ಕೊಟ್ಟು, ಟ್ಯಾಂಗ್ ಮತ್ತು ಎರಡೂ ಕ್ಲೌನ್ ಸಾಗಿಸಿದೆ. ಏದುಸಿರಿನ ಕ್ಲೌನ್ ಮರುದಿನ ಬೆಳಿಗ್ಗೆ ಹೋಯಿತು. ಮಗಳು ತುಂಬಾ ಅತ್ತಳು. ಅದನ್ನು ಎರಡು ದಿನ ಮೊದಲೇ ತೆಗೆದಿದ್ದರೆ ಉಳಿಯುತ್ತಿತ್ತು ಅನ್ನಿಸುತ್ತಲೇ ಇದೆ.

ಉಳಿದ ಎರಡು ಚೆನ್ನಾಗಿವೆ. ಕಾಪರ್ ಇವತ್ತು 2.2. ಚೆಕರ್ ಒಬ್ಬರು ಕೊಟ್ಟರು. ಟ್ಯಾಂಗ್ ನಿನ್ನೆಯಿಂದ ನೋರಿ (ಒಣಗಿಸಿದ ಕಡಲಕಳೆ) ಹಾಳೆ ಕಿತ್ತು ತಿನ್ನುತ್ತಿದೆ. ಗ್ರಾಮಾ ಮಾತ್ರ ಇನ್ನೂ ಮನೆ ಟ್ಯಾಂಕಿನ ಕಲ್ಲಿನ ಸಂದಿಯಲ್ಲೇ ಇದೆ, ನಾಲ್ಕು ಸಲ ಪ್ರಯತ್ನಿಸಿದೆ, ಸಿಗಲಿಲ್ಲ. ನಾಳೆ ಭಾನುವಾರ, ಕಲ್ಲುಗಳನ್ನೆಲ್ಲಾ ಒಂದೊಂದಾಗಿ ಉಪ್ಪುನೀರಿನ ಟಬ್ಬಿಗೆ ತೆಗೆದಿಟ್ಟು ಅದನ್ನು ಹಿಡಿಯುತ್ತೇನೆ. 76 ದಿನದ ಎಣಿಕೆ ಅಲ್ಲಿಂದಲೇ ಶುರು ಮಾಡುತ್ತೇನೆ.