ದೇಶದ ಸರಾಸರಿ ಮನೆ ಬೆಲೆ ಏರಿದರೆ ನಮ್ಮ ಮನೆಯ ಬೆಲೆಯೂ ಅಷ್ಟೇ ಏರಿದ ಹಾಗೇನಾ?

ಪ್ರಶ್ನೆ (ಹಿತ್ತಲಗಿಡ):
ಅಪ್ಪ ತೀರಿಕೊಂಡು ಮೂರು ವರ್ಷ ಆಯ್ತು. ಅವರ ಮನೆಯಲ್ಲಿ ಈಗ ನಾನಿದ್ದೇನೆ. ಅಣ್ಣನ ಪಾಲಿಗೆ ದುಡ್ಡು ಕೊಟ್ಟು ಮನೆ ಉಳಿಸಿಕೊಳ್ಳಬೇಕು. ಅಪ್ಪ ಹೋದಾಗ ವ್ಯಾಲ್ಯುಯರ್ ಒಬ್ಬರು ಬೆಲೆ ಕಟ್ಟಿದ್ದರು. ದೇಶದ ಸರಾಸರಿ ಮನೆ ಬೆಲೆ ಎಷ್ಟು ಏರಿದೆಯೋ ಅಷ್ಟನ್ನು ಅದಕ್ಕೆ ಸೇರಿಸಿ ಅಣ್ಣ ಲೆಕ್ಕ ಕೊಟ್ಟಿದ್ದಾನೆ. ಅವನು ಮೋಸ ಮಾಡುವವನಲ್ಲ. ಆದರೆ ನಮ್ಮದು ಮೂವತ್ತು ವರ್ಷದ ಹಳೇ ಮನೆ, ಎರಡೇ ಕೋಣೆ, ಮಳೆ ಬಂದರೆ ಚಾವಣಿ ಸೋರುತ್ತದೆ. ಈ ಲೆಕ್ಕ ಸರಿಯಾ?

ಉತ್ತರ (ಹಳೇಕಡತ):
ಮೇಡಂ, ನಾನು ಹದಿನೆಂಟು ವರ್ಷ ಬ್ಯಾಂಕಿನಲ್ಲಿ ಮನೆ ಸಾಲದ ಕಡತ ನೋಡಿದವನು. ಈ ಲೆಕ್ಕ ಸರಿಯಲ್ಲ.

ಸರಾಸರಿ ಬೆಲೆ ಅಂದರೆ ಆ ವರ್ಷ ಮಾರಾಟವಾದ ಮನೆಗಳ ಸರಾಸರಿ. ಮಾರದೆ ಉಳಿದ ಮನೆಗಳು ಅದರಲ್ಲಿ ಇರುವುದೇ ಇಲ್ಲ. ಒಂದು ಊರಿನಲ್ಲಿ ಸಣ್ಣ ಮನೆಗೆ 20, ದೊಡ್ಡ ಮನೆಗೆ 50 ಅಂತಿಟ್ಟುಕೊಳ್ಳಿ. ಹೋದ ವರ್ಷ 6 ಸಣ್ಣವು, 4 ದೊಡ್ಡವು ಮಾರಿದವು. ಸರಾಸರಿ 32. ಈ ವರ್ಷ 4 ಸಣ್ಣವು, 6 ದೊಡ್ಡವು. ಸರಾಸರಿ 38. ಸುಮಾರು 19% ಏರಿತು ಅಂತ ಸುದ್ದಿ ಬರುತ್ತದೆ. ಆದರೆ ಯಾವ ಮನೆಯ ಬೆಲೆಯೂ ಒಂದು ಕಾಸು ಏರಿಲ್ಲ, ಅಲ್ವಾ?

ಇದಕ್ಕಾಗಿಯೇ ಅಮೆರಿಕದಲ್ಲಿ ಕಾರ್ಲ್ ಕೇಸ್, ರಾಬರ್ಟ್ ಶಿಲ್ಲರ್ ಎಂಬ ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಒಂದೇ ಮನೆ ಎರಡು ಸಲ ಮಾರಾಟವಾದಾಗ ಆ ಎರಡು ಬೆಲೆಗಳನ್ನು ಹೋಲಿಸುವುದು. ಅವರ ಹೆಸರಿನ ಸೂಚ್ಯಂಕದ ಪ್ರಕಾರ 2006ರಿಂದ 2012ರ ಹೊತ್ತಿಗೆ ದೇಶದಾದ್ಯಂತ ಬೆಲೆ ಸುಮಾರು 27% ಇಳಿಯಿತು. ಆದರೆ ಲಾಸ್ ವೇಗಸ್‌ನಲ್ಲಿ ಇಳಿದದ್ದು 60%ಗಿಂತ ಜಾಸ್ತಿ, ಡಲ್ಲಾಸ್‌ನಲ್ಲಿ ಸುಮಾರು 11%. ಇಷ್ಟು ಜಾಗ್ರತೆಯಿಂದ ಮಾಡಿದರೂ ಇಡೀ ದೇಶದ ಸೂಚ್ಯಂಕ ಒಂದು ಊರಿನ ಕಥೆ ಹೇಳಲಾರದು. ಇನ್ನು ನಿಮ್ಮ ಸೋರುವ ಚಾವಣಿಯ ಕಥೆ ಹೇಗೆ ಹೇಳೀತು?

ಹೊಸದಾಗಿ ಬೆಲೆ ಕಟ್ಟಿಸಿ. ಖರ್ಚನ್ನು ಇಬ್ಬರೂ ಅರ್ಧರ್ಧ ಹಾಕಿಕೊಳ್ಳಿ.

ಉತ್ತರ (ಕಾಲುದಾರಿ):
ಇನ್ನೊಂದು ಮಾತು. ಏರಿಕೆಯಲ್ಲಿ ಹಣದುಬ್ಬರವೂ ಸೇರಿರುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಹೆರೆನ್‌ಗ್ರಾಕ್ಟ್ ಕಾಲುವೆ ಪಕ್ಕದ ಮನೆಗಳ ಮಾರಾಟದ ದಾಖಲೆ 1628ರಿಂದ ಸಿಗುತ್ತದೆ. 1973ರವರೆಗೆ ಲೆಕ್ಕ ಹಾಕಿ ಹಣದುಬ್ಬರ ಕಳೆದರೆ, ಅಷ್ಟು ಶತಮಾನಗಳಲ್ಲಿ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟಾಗಿದೆ, ಅಷ್ಟೇ. ಮನೆ ಬೆಲೆ ಯಾವಾಗಲೂ ಓಡುತ್ತಲೇ ಇರುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಉತ್ತರ (ತೆಂಕಣಗಾಳಿ):
ಮೊದಲ ಉತ್ತರ ಒಪ್ಪುತ್ತೇನೆ. ಆದರೆ ಸರಾಸರಿ ಸುಮ್ನೆ ತಪ್ಪು ಅಂತ ಅಣ್ಣನ ಬಾಯಿ ಮುಚ್ಚಿಸಬೇಡಿ. ಬೆಲೆ ನಿಜಕ್ಕೂ ಏರಿರಬಹುದು, ಸರಾಸರಿಗಿಂತ ಜಾಸ್ತಿಯೂ ಏರಿರಬಹುದು. ಅಕ್ಕಪಕ್ಕದಲ್ಲಿ ನಿಮ್ಮಂಥದೇ ಮನೆ ಎಷ್ಟಕ್ಕೆ ನೋಂದಣಿಯಾಗಿದೆ ಅಂತ ವಿಚಾರಿಸಿ. ಮಾರುವವರು ಕೇಳುವ ಬೆಲೆ ಲೆಕ್ಕಕ್ಕಿಲ್ಲ, ಕೈ ಬದಲಾದ ದುಡ್ಡು ಲೆಕ್ಕ.

ಹಿತ್ತಲಗಿಡ:
ನಿಮ್ಮ 20-50ರ ಲೆಕ್ಕವನ್ನು ಅಣ್ಣನಿಗೆ ಕಾಗದದಲ್ಲಿ ಬರೆದು ತೋರಿಸಿದೆ ಸರ್. ಎರಡು ಸಲ ಕೂಡಿಸಿ ನೋಡಿ, ಹೊಸ ವ್ಯಾಲ್ಯುಯರ್‌ಗೆ ಒಪ್ಪಿದ. ತುಂಬಾ ನಿರಾಳ ಆಯ್ತು. ಚಾವಣಿ ರಿಪೇರಿ ಈಗಲೇ ಮಾಡಿಸಲಾ, ಬೆಲೆ ಕಟ್ಟಿದ ಮೇಲಾ?

ಹಳೇಕಡತ:
ಆಮೇಲೆ ಮಾಡಿಸಿ. ಈಗ ನಿಮ್ಮ ದುಡ್ಡು ಹಾಕಿದರೆ ಬೆಲೆ ಏರಿ, ಅದರಲ್ಲೂ ಅಣ್ಣನಿಗೆ ಪಾಲು ಕೊಟ್ಟ ಹಾಗಾಗುತ್ತದೆ. ಮನೆ ಹೇಗಿದೆಯೋ ಹಾಗೇ ತೋರಿಸಿ. ರಿಪೇರಿಗೆ ಎಷ್ಟಾಗುತ್ತದೆ ಅಂತ ಮೇಸ್ತ್ರಿಯಿಂದ ಬರೆಸಿಕೊಂಡು ಇಟ್ಟುಕೊಳ್ಳಿ, ವ್ಯಾಲ್ಯುಯರ್ ಬಂದ ದಿನ ಅಣ್ಣನ ಎದುರಿಗೇ ಕೊಡಿ.