ಅಪ್‌ಡೇಟ್: ಕೊನೆಗೆ ಯಾವ ಲೆನ್ಸ್ ತಗೊಂಡೆ

ಕಾಂಪ್ಯಾಕ್ಟ್ (ಪುಟ್ಟ ಕ್ಯಾಮೆರಾ) ಬಿಟ್ಟು ಲೆನ್ಸ್ ಬದಲಿಸಬಹುದಾದ ಕ್ಯಾನನ್ ಡಿಎಸ್‌ಎಲ್‌ಆರ್ ತಗೊಳ್ತಿದ್ದೇನೆ, 18-55 ಎಂಎಂ ಲೆನ್ಸ್ ಜೊತೆ ದೂರದ್ದನ್ನು ಹತ್ತಿರ ತರುವ 55-250 ಜೂಮ್ ತಗೊಳ್ಳಲಾ, 50 ಎಂಎಂ ತಗೊಳ್ಳಲಾ ಅಂತ ಹೋದ ತಿಂಗಳು ಕೇಳಿದ್ದೆ. ರಾತ್ರಿ ಯಕ್ಷಗಾನದ ಫೋಟೋ ಬೇಕಾದರೆ 50 ಎಫ್ 1.8 ಸಾಕು ಅಂದಿರಿ (ಎಫ್ ಸಂಖ್ಯೆ ಕಡಿಮೆ ಆದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಬರುತ್ತದೆ). ಅದನ್ನೇ ತಗೊಂಡೆ.

ಮೊನ್ನೆ ಕಾಸರಗೋಡಿನ ಕುಂಬಳೆ ಹತ್ತಿರ ಬಯಲಾಟ (ಬಯಲಲ್ಲಿ ಆಡುವ ಯಕ್ಷಗಾನ) ಇತ್ತು. ಮೊದಲು 18-55 ಹಾಕಿದೆ. 55ರಲ್ಲಿ ಅದು ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 3200 ಇಟ್ಟರೂ ಶಟರ್ 1/40 ಸೆಕೆಂಡ್, ಅಂದರೆ ತೀರಾ ನಿಧಾನ. ಪುಂಡುವೇಷ (ಚುರುಕಾಗಿ ಕುಣಿಯುವ ತರುಣ ವೀರನ ಪಾತ್ರ) ದಿಗಿಣ ಹಾರಿದಾಗ, ಅಂದರೆ ನೆಗೆದು ಸುತ್ತಿದಾಗ, ಬರೀ ಬಣ್ಣದ ಗೆರೆ. 50 ಹಾಕಿ ಎಫ್ 2ಕ್ಕೆ ತೆರೆದೆ, ಅದೇ ಐಎಸ್‌ಒದಲ್ಲಿ 1/320 ಸಿಕ್ಕಿತು. ಎಂಟು ಪಟ್ಟು ಬೆಳಕು! ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದಿಂದ ಇಡುವ ಚುಟ್ಟಿಯ ಒಂದೊಂದು ಮುಳ್ಳೂ ಬಿಡಿಬಿಡಿಯಾಗಿ ಕಾಣುತ್ತದೆ. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಅದನ್ನು ಇಡಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಿದವರಿಗೆ ನನ್ನ ಖುಷಿ ಅರ್ಥ ಆಗುತ್ತದೆ. ಒಂದೇ ಎಚ್ಚರಿಕೆ: ಫೋಕಸ್ ಕಣ್ಣಿನ ಮೇಲೇ ಇರಲಿ, ಕಿರೀಟಕ್ಕೆ ಹೋದರೆ ಮುಖ ಮಸುಕು.

ಬೇಕಲ ಕೋಟೆಯಲ್ಲಿ ಮಾತ್ರ ಬೇರೆ ಕಥೆ. ಈ ಕ್ಯಾಮೆರಾದ ಸೆನ್ಸರ್ ಫುಲ್ ಫ್ರೇಮಿಗಿಂತ ಚಿಕ್ಕದು, ಹಾಗಾಗಿ ನೋಟ ಎಷ್ಟು ಅಗಲ ಅಂತ ಹೋಲಿಸಲು ಎಂಎಂ ಅನ್ನು 1.6ರಿಂದ ಗುಣಿಸಬೇಕು ಅಲ್ವಾ, 18 ಎಂಎಂ ಅಂದರೆ ಸುಮಾರು 29. ನನ್ನ ಹಳೇ ಕಾಂಪ್ಯಾಕ್ಟ್ ಇದೇ ಲೆಕ್ಕದಲ್ಲಿ 24ರಿಂದ ಶುರುವಾಗುತ್ತಿತ್ತು; ಸಂಖ್ಯೆ ಕಡಿಮೆ ಆದಷ್ಟೂ ನೋಟ ಅಗಲ. ಹಾಗಾಗಿ ಕೋಟೆ ಗೋಡೆ, ಕಡಲು ಎರಡೂ ಒಂದೇ ಫ್ರೇಮಲ್ಲಿ ಹಿಡಿಯಲಿಲ್ಲ. ಇದನ್ನು ಮೊದಲೇ ಲೆಕ್ಕ ಹಾಕಬೇಕಿತ್ತು. ಮುಂದೆ ಇನ್ನೂ ಅಗಲ ಹಿಡಿಯುವ 10-18 ಲೆನ್ಸ್ ತಗೊಳ್ಳುತ್ತೇನೆ, 55-250 ಸದ್ಯಕ್ಕೆ ಬೇಡ. ಹೇಳಿಕೊಟ್ಟ ಅಣ್ಣಂದಿರಿಗೆ, ಅಕ್ಕಂದಿರಿಗೆ ತುಂಬಾ ಥ್ಯಾಂಕ್ಸ್.