ದೋಷದ ಚಿತ್ರಗಳೇ ಸಿಗದಿದ್ದಾಗ ತಪಾಸಣೆಯ ಎಐ ಮಾದರಿಗೆ ತರಬೇತಿ ಹೇಗೆ?

ಪ್ರಶ್ನೆ: ಎರಕದ ಬಿಡಿಭಾಗಗಳ ಬಿರುಕುಗಳನ್ನು ಕ್ಯಾಮೆರಾದಿಂದ ಗುರುತಿಸಬೇಕಿದೆ. ಸರಿಯಾದ ಭಾಗಗಳ ಚಿತ್ರಗಳು ಬೇಕಾದಷ್ಟಿವೆ. ಬಿರುಕು ಬಿಟ್ಟವು ಬೆರಳೆಣಿಕೆಯಷ್ಟು, ಅವಕ್ಕೂ ಲೇಬಲ್ ಹಾಕಲು ಅನುಭವಿ ತಪಾಸಕರಿಗೆ ಪುರುಸೊತ್ತಿಲ್ಲ. ಮಾರ್ಗವೇನು?

ಉತ್ತರ 1: ದೋಷದ ಬದಲು ಸರಿಯಾದದ್ದನ್ನೇ ಕಲಿಸಿ. ಕೈಗಾರಿಕಾ ದೋಷಪತ್ತೆ ವಿಧಾನಗಳನ್ನು ಪರೀಕ್ಷಿಸಲೆಂದೇ ಇರುವ 2019ರ ಎಂವಿಟೆಕ್ ಎಡಿ ಎಂಬ ಚಿತ್ರಸಂಗ್ರಹದ 3,629 ತರಬೇತಿ ಚಿತ್ರಗಳಲ್ಲಿ ದೋಷಯುಕ್ತವಾದದ್ದು ಒಂದೂ ಇಲ್ಲ. ಪ್ಯಾಚ್‌ಕೋರ್‌ನಂಥ ವಿಧಾನವು, ಇಮೇಜ್‌ನೆಟ್ ಎಂಬ ಬೃಹತ್ ಸಂಗ್ರಹದ ಚಿತ್ರಗಳಿಂದ ಮೊದಲೇ ಕಲಿತಿರುವ ನರಜಾಲದ (ನ್ಯೂರಲ್ ನೆಟ್‌ವರ್ಕ್) ನೆರವಿನಿಂದ ಸರಿಯಾದ ಭಾಗಗಳ ಪ್ರತಿ ತುಣುಕಿನ ಲಕ್ಷಣಗಳನ್ನು ಸಂಗ್ರಹಿಸಿಟ್ಟುಕೊಂಡು, ಹೊಸ ಚಿತ್ರದ ಯಾವ ತುಣುಕು ಅವುಗಳಿಂದ ದೂರ ಸರಿದಿದೆಯೆಂಬುದನ್ನು ತೋರಿಸುತ್ತದೆ.

ಉತ್ತರ 2: ಒಪ್ಪುತ್ತೇನೆ, ಆದರೆ ಎಣ್ಣೆಯ ಕಲೆಯೂ ಲೋಹದ ಹೊಳಪೂ ದೋಷವೆಂದೇ ಕಾಣುತ್ತವೆ. ಮೊದಲು ಬೆಳಕನ್ನು ಸ್ಥಿರಗೊಳಿಸಿ. ಬಳಿಕ ಮಾದರಿಗೆ ಅನುಮಾನವಿರುವ ಚಿತ್ರಗಳನ್ನಷ್ಟೇ ತಪಾಸಕರ ಮುಂದಿಡಿ.

ಉತ್ತರ 3: ಆ ಬೆರಳೆಣಿಕೆಯ ಚಿತ್ರಗಳನ್ನು ತರಬೇತಿಗೆ ಸುರಿಯದೆ, ತಿರಸ್ಕಾರದ ಮಿತಿಯನ್ನು, ಅಂದರೆ ಎಷ್ಟು ದೂರ ಸರಿದರೆ ಭಾಗವನ್ನು ತಿರಸ್ಕರಿಸಬೇಕೆಂಬುದನ್ನು, ನಿಗದಿಪಡಿಸಲು ಮೀಸಲಿಡುವುದು ಒಳಿತು.